ಒಗರು ಮಾಗುವ ಬಗೆ

ಮೂಡುಬಿದಿರೆಯಿಂದ ಕಾರ್ಕಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೆಳುವಾಯಿ ಎಂಬ ಊರು ಸಿಗುತ್ತದೆ. ಅದರ ಸುತ್ತಮುತ್ತ ಅಡಿಕೆಯ ತೋಟಗಳು ಹೇರಳವಾಗಿವೆ. ಹಣ್ಣಾದ ಅಡಿಕೆಯನ್ನು ಕೊಯ್ದು, ಅಂಗಳದಲ್ಲಿ ಹರಡಿ, ಸುಮಾರು ನಲವತ್ತು ದಿನ ಬಿಸಿಲಿನಲ್ಲಿ ಒಣಗಿಸಿ, ಸಿಪ್ಪೆ ಸುಲಿದು ಚಾಲಿ ಮಾಡುವುದು ಈ ಸೀಮೆಯ ಪದ್ಧತಿ. ಈ ಚಾಲಿಯ ವ್ಯಾಪಾರದಲ್ಲಿ ಒಂದು ವಿಶೇಷವುಂಟು. ತರಕಾರಿ ಹಳತಾದಂತೆ ಅದರ ಬೆಲೆ ಇಳಿಯುತ್ತದೆ. ಚಾಲಿಯ ಬೆಲೆಯಾದರೋ ಸಾಮಾನ್ಯವಾಗಿ ಏರುತ್ತದೆ. ಮಂಗಳೂರಿನ ಮಾರುಕಟ್ಟೆಯಲ್ಲಿಯೂ, 1973ರಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಕೇಂದ್ರಗಳಲ್ಲಿಯೂ ಹೊಸ ಅಡಿಕೆಗೆ ಒಂದು ಧಾರಣೆ, ಹಳೆಯದಕ್ಕೆ ಇನ್ನೊಂದು. ತೀರ ಹಳೆಯದಕ್ಕೆ ‘ಡಬಲ್ ಚೋಲ್’ ಎಂಬ ಪ್ರತ್ಯೇಕ ಹೆಸರೇ ಇದೆ. ಹೊಸ ಅಡಿಕೆ ಬಾಯಿಗೆ ಬಲು ಒಗರು. ಅಭ್ಯಾಸವಿಲ್ಲದವರು ಅಗಿದರೆ ಸೊಕ್ಕುತ್ತದೆ. ಹಳೆಯದು ಮೆದು ಎಂಬುದು ತಿನ್ನುವವರ ಅನುಭವ.

ಇಲ್ಲಿಂದ ಸಾವಿರಾರು ಮೈಲಿ ದೂರದ ಫ್ರಾನ್ಸಿನಲ್ಲಿ, ಬೋರ್ಡೊ ನಗರದ ಸುತ್ತಣ ಸೀಮೆಯಲ್ಲಿ, ಇಂತಹುದೇ ಒಂದು ವ್ಯವಹಾರ ಶತಮಾನಗಳಿಂದ ನಡೆದುಬಂದಿದೆ. ಅಲ್ಲಿಯ ಸರಕು ಕೆಂಪು ದ್ರಾಕ್ಷಾಮದ್ಯ. ಅದರಲ್ಲಿ ಉತ್ತಮವಾದುದನ್ನು ಹತ್ತು, ಇಪ್ಪತ್ತು, ಕೆಲವೊಮ್ಮೆ ಐವತ್ತು ವರ್ಷ ನೆಲಮಾಳಿಗೆಯಲ್ಲಿ ಇಟ್ಟು ಕಾಯುತ್ತಾರೆ. ಹೊಸತಾದಾಗ ನಾಲಗೆಯನ್ನು ಒರಟಾಗಿ ಹಿಡಿಯುವ ಆ ದ್ರವ ಕಾಲಕ್ರಮದಲ್ಲಿ ನಯವಾಗಿ, ಬಗೆಬಗೆಯ ಪರಿಮಳಗಳನ್ನು ಪಡೆಯುತ್ತದೆ. ಆದರೆ ಎಲ್ಲ ದ್ರಾಕ್ಷಾಮದ್ಯವೂ ಹೀಗಾಗದು. ಜಗತ್ತಿನಲ್ಲಿ ತಯಾರಾಗುವ ಬಹುಪಾಲು ಒಂದೆರಡು ವರ್ಷಗಳೊಳಗೆ ಮುಗಿಸಬೇಕಾದದ್ದು, ಇಟ್ಟಷ್ಟೂ ಕೆಡುವಂಥದು. ಹಾಗಾದರೆ ಕೆಲವು ಮಾತ್ರ ಏಕೆ ಮಾಗುತ್ತವೆ? ಉಳಿದವಕ್ಕೆ ಏಕೆ ಬರಿಯ ಮುಪ್ಪು ಬರುತ್ತದೆ? ಇದು ರಸಾಯನಶಾಸ್ತ್ರದ ಸ್ವಾರಸ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ, ಬೆಳುವಾಯಿಯ ಅಡಿಕೆಗೂ ಬೋರ್ಡೊವಿನ ದ್ರಾಕ್ಷಿಗೂ ಹತ್ತಿರದ ನಂಟಿರುವುದು ತಿಳಿದುಬರುತ್ತದೆ.

ಒಗರು ಎಂದರೇನು?

ನಮ್ಮ ಹಿರಿಯರು ಷಡ್ರಸಗಳಲ್ಲಿ ಒಗರನ್ನೂ ಎಣಿಸಿದರು. ಶಾಸ್ತ್ರಗಳಲ್ಲಿ ಅದಕ್ಕೆ ಕಷಾಯವೆಂದು ಹೆಸರು. ಇಂದಿನ ಶರೀರವಿಜ್ಞಾನದ ಪ್ರಕಾರ ಒಗರು ಉಪ್ಪು ಹುಳಿಗಳಂತೆ ಬರಿಯ ರುಚಿಯಲ್ಲ. ಅದು ಮುಖ್ಯವಾಗಿ ಒಂದು ಸ್ಪರ್ಶ. ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆ. ನಾಲಗೆ ಕೆನ್ನೆಗಳು ಒಂದಕ್ಕೊಂದು ನುಣ್ಣಗೆ ಜಾರುವಂತೆ ಮಾಡುವುದು ಅವುಗಳ ಕೆಲಸ. ಗೇರುಹಣ್ಣನ್ನೋ ಎಳೆಯ ಬಾಳೆಕಾಯಿಯನ್ನೋ ಕಚ್ಚಿದಾಗ ಅದರಲ್ಲಿರುವ ಟ್ಯಾನಿನ್ ಎಂಬ ವಸ್ತುಗಳು ಈ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಣೆಗಟ್ಟಿಸುತ್ತವೆ. ನಯವು ಹೋಗಿ ಬಾಯಿ ಒಣಗಿ ಸುಕ್ಕುಗಟ್ಟಿದಂತೆ ತೋರುತ್ತದೆ. ಅದೇ ಒಗರು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಚಹಾದ ಪುಡಿಯನ್ನು ಹೆಚ್ಚು ಹೊತ್ತು ಕುದಿಸಿದರೆ ಕಷಾಯ ತೀರ ಒಗರಾಗುತ್ತದೆ. ಅದಕ್ಕೆ ಹಾಲನ್ನು ಹಾಕಿದೊಡನೆ ಒಗರು ತಗ್ಗುತ್ತದೆ. ಕಾರಣವಿಷ್ಟೆ: ಟ್ಯಾನಿನ್ನುಗಳು ಹಾಲಿನ ಪ್ರೋಟೀನಿಗೆ ಮೊದಲೇ ಅಂಟಿಕೊಂಡುದರಿಂದ ನಮ್ಮ ಜೊಲ್ಲಿನ ಪ್ರೋಟೀನಿನ ಮೇಲೆ ಕೈಮಾಡಲು ಅವಕ್ಕೆ ಶಕ್ತಿ ಉಳಿಯುವುದಿಲ್ಲ.

ಟ್ಯಾನಿನ್ನಿನ ಅಣುವನ್ನು ಒಂದು ಮಣಿಸರಕ್ಕೆ ಹೋಲಿಸಬಹುದು. ಅಡಿಕೆಯಲ್ಲಿಯೂ ದ್ರಾಕ್ಷಿಯಲ್ಲಿಯೂ ಈ ಸರದ ಮುಖ್ಯವಾದ ಮಣಿಗಳು ಕೆಟೆಕಿನ್ ಮತ್ತು ಅದರ ಸೋದರವಸ್ತು ಎಪಿಕೆಟೆಕಿನ್. ‘ಕೆಟೆಕಿನ್’ ಎಂಬ ಹೆಸರು ಕಾಚಿನ ಪಾಶ್ಚಾತ್ಯ ಹೆಸರಾದ ‘ಕೆಟೆಚು’ ಎಂಬುದರಿಂದ ಬಂದಿತು. ವೀಳ್ಯಕ್ಕೆ ಹಾಕುವ ಕಾಚೇ ಅದು. ನಮ್ಮ ತಾಂಬೂಲದ ತಟ್ಟೆಯಲ್ಲಿರುವ ವಸ್ತುವಿನ ಹೆಸರು ಫ್ರಾನ್ಸಿನ ದ್ರಾಕ್ಷಾಮದ್ಯದ ರಸಾಯನಶಾಸ್ತ್ರದಲ್ಲಿ ಸೇರಿಕೊಂಡಿರುವುದು ವಿನೋದದ ಸಂಗತಿ. ಅಡಿಕೆಯ ಈ ವಸ್ತುಗಳನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 1960ರ ದಶಕದಲ್ಲಿ ವಿವರವಾಗಿ ವಿಶ್ಲೇಷಿಸಿದರು. ಬಿಡಿ ಮಣಿಗಳಿಂದ ಹಿಡಿದು ಉದ್ದನೆಯ ಸರಗಳವರೆಗೆ ಎಲ್ಲವೂ ಅಡಿಕೆಯಲ್ಲಿವೆ. ಎಳೆಯ ಅಡಿಕೆಯಲ್ಲಿ ಅವುಗಳ ಪ್ರಮಾಣ ಹೆಚ್ಚು, ಹಣ್ಣಡಿಕೆಯಲ್ಲಿ ಕಡಿಮೆ. ಮಲೆನಾಡಿನವರು ಎಳೆಯ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ದ್ರವಕ್ಕೆ ‘ಚೊಗರು’ ಎಂದೇ ಹೆಸರಿಟ್ಟಿರುವುದು ಎಷ್ಟು ಯುಕ್ತವೆಂಬುದು ಇದರಿಂದ ತಿಳಿಯುತ್ತದೆ.

ಆದರೂ ಒಂದು ಭೇದವನ್ನು ಮರೆಯಬಾರದು. ಅಡಿಕೆ ಒಣಗಿದ ಘನವಸ್ತು. ದ್ರಾಕ್ಷಾಮದ್ಯ ಹುಳಿಯಾದ ದ್ರವ. ದ್ರವದಲ್ಲಿ ಅಣುಗಳು ಸ್ವತಂತ್ರವಾಗಿ ಅಲೆದಾಡಿ ಒಂದನ್ನೊಂದು ಸಂಧಿಸುತ್ತವೆ. ಆದಕಾರಣ ಮಾಗುವಿಕೆಯ ನಾಟಕವು ದ್ರಾಕ್ಷಾಮದ್ಯದಲ್ಲಿ ಹೆಚ್ಚು ಜಟಿಲ. ಆ ನಾಟಕದ ಪಾತ್ರಗಳು ಎಲ್ಲಿಂದ ಬರುತ್ತವೆಂಬುದನ್ನು ಮೊದಲು ನೋಡೋಣ.

ಬೋರ್ಡೊವಿನ ಕೆಂಪು

ಫ್ರಾನ್ಸಿನ ನೈರುತ್ಯದಲ್ಲಿ ಗಾರೋನ್ ಮತ್ತು ಡೊರ್ಡೋನ್ ಎಂಬ ಎರಡು ನದಿಗಳು ಕೂಡಿ ಜಿರೋಂಡ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಅಳಿವೆಯ ಎಡದಂಡೆಯ ಮೆಡೊಕ್ ಪ್ರಾಂತದಲ್ಲಿ ನೆಲ ಬರಿಯ ನೊರಜುಗಲ್ಲು. ಮಳೆಯ ನೀರು ಅಲ್ಲಿ ನಿಲ್ಲದೆ ಬಸಿದುಹೋಗುತ್ತದೆ. ಹಗಲಲ್ಲಿ ಕಾದ ಕಲ್ಲು ರಾತ್ರಿ ಬಳ್ಳಿಗೆ ಬೆಚ್ಚನೆಯ ಆಸರೆಯಾಗುತ್ತದೆ. ಭತ್ತಕ್ಕೆ ಬಾರದ ಇಂತಹ ಬಡ ನೆಲವೇ ದ್ರಾಕ್ಷಿಗೆ ಒಳ್ಳೆಯದು. 1855ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದ ಸಂದರ್ಭದಲ್ಲಿ ಇಲ್ಲಿಯ ಕೆಂಪು ದ್ರಾಕ್ಷಾಮದ್ಯಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯ ದರ್ಜೆಗೆ ಸೇರಿದವು ನಾಲ್ಕೇ: ಲಾಫೀತ್, ಲಾತೂರ್, ಮಾರ್ಗೋ ಮತ್ತು ಮೆಡೊಕ್‌ನ ಹೊರಗಿನ ಓ-ಬ್ರಿಯೋಂ. 1973ರಲ್ಲಿ ಮೂತೋಂ ಐದನೆಯದಾಗಿ ಸೇರಿತು. ಈ ಪಟ್ಟಿಯನ್ನು ಮಾಡಿದವರು ಮಾರುಕಟ್ಟೆಯ ದಲ್ಲಾಳಿಗಳು. ಅವರು ಆಧಾರವಾಗಿ ಹಿಡಿದದ್ದು ಬಹುಕಾಲದ ಬೆಲೆಯನ್ನು.

ಮೆಡೊಕ್‌ನ ಪ್ರಧಾನ ತಳಿ ಕ್ಯಾಬರ್ನೆ ಸೊವಿನ್ಯೋನ್. ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿಗೂ ಸೊವಿನ್ಯೋನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿಗೂ ಸಹಜವಾಗಿ ಸಂಕರವಾಗಿ ಇದು ಹುಟ್ಟಿತೆಂಬುದನ್ನು ಕ್ಯಾಲಿಫೋರ್ನಿಯದ ವಿಜ್ಞಾನಿಗಳು 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ತೋರಿಸಿದರು. ಇದರ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಇದೇ ಮುಖ್ಯವಾದ ಅಂಶ. ಕಪ್ಪು ದ್ರಾಕ್ಷಿಯನ್ನು ಸುಲಿದು ನೋಡಿದರೆ ಒಳಗಣ ತಿರುಳಿಗೆ ಬಣ್ಣವಿಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿ, ಒಗರು ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಬೀಜಗಳ ಪಾಲು ಹೆಚ್ಚಾಗುತ್ತದೆ. ಮರ್ಲೊ ಎಂಬ ಮೃದುವಾದ ತಳಿಯನ್ನು ಇದರೊಡನೆ ಬೆರಸಿ ಒರಟುತನವನ್ನು ಹದಗೊಳಿಸುವುದು ಅಲ್ಲಿಯ ಸಂಪ್ರದಾಯ.

ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಕೊಯ್ದ ಹಣ್ಣನ್ನು ಜಜ್ಜಿ, ಸಿಪ್ಪೆ ಬೀಜಗಳ ಸಮೇತ ತೊಟ್ಟಿಗಳಲ್ಲಿ ತುಂಬುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ಒಡೆಯುತ್ತದೆ. ಆಗ ಬಣ್ಣವೂ ಒಗರೂ ಸಿಪ್ಪೆ ಬೀಜಗಳಿಂದ ದ್ರವಕ್ಕೆ ಇಳಿಯುತ್ತವೆ. ಎರಡು ಮೂರು ವಾರಗಳ ಬಳಿಕ ದ್ರವವನ್ನು ಬಸಿದು ತೆಗೆಯುತ್ತಾರೆ. ಅನಂತರ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ಅದರಲ್ಲಿರುವ ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಈ ಎರಡನೆಯ ಮಾರ್ಪಾಟನ್ನು ಹತೋಟಿಗೆ ತಂದವರಲ್ಲಿ ಬೋರ್ಡೊವಿನ ವಿಜ್ಞಾನಿ ಎಮಿಲ್ ಪೇನೊ ಪ್ರಮುಖರು. ಆಮೇಲೆ 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ಒಂದೂವರೆ ಎರಡು ವರ್ಷಗಳ ವಾಸ. ಕಟ್ಟಕಡೆಗೆ ಸೀಸೆ, ಕಾರ್ಕಿನ ಬಿರಡೆ, ನೆಲಮಾಳಿಗೆ.

ಕಳ್ಳು ಬಾಳದು, ಇದು ಬಾಳುತ್ತದೆ

ಯೀಸ್ಟಿನ ಕೆಲಸವನ್ನು ನೋಡಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿಯಾದ ರಸ ಕೆಲವೇ ಗಂಟೆಗಳಲ್ಲಿ ಹುದುಗಿ ಕಳ್ಳಾಗುತ್ತದೆ. ಆದರೆ ಮರುದಿನ ಅದು ಹುಳಿ. ಇನ್ನೂ ಕೆಲವು ದಿನ ಬಿಟ್ಟರೆ ವಿನಿಗರ್. ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಕೆಲವು ಬ್ಯಾಕ್ಟೀರಿಯಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಪರಿವರ್ತಿಸುವುದೇ ಇದಕ್ಕೆ ಕಾರಣ. ಒಂದೇ ಬಗೆಯ ಹುದುಗುವಿಕೆಯಿಂದ ಹುಟ್ಟಿದ ಒಂದು ಪಾನೀಯ ಒಂದು ದಿನ ಬಾಳಿದರೆ ಇನ್ನೊಂದು ಐವತ್ತು ವರ್ಷ ಬಾಳುವುದು ಹೇಗೆ?

ಬೋರ್ಡೊವಿನ ದ್ರಾಕ್ಷಾಮದ್ಯಕ್ಕೆ ಕಾವಲುಗಾರರು ಹಲವರು. ಮೊದಲನೆಯದು ಮದ್ಯಸಾರ, ಕಳ್ಳಿನಲ್ಲಿ ಅದು ಸಾಮಾನ್ಯವಾಗಿ ಶೇಕಡ 4ರಿಂದ 6, ಇಲ್ಲಿ ಶೇಕಡ 12ರಿಂದ 14. ಎರಡನೆಯದು ಹುಳಿ, ದ್ರಾಕ್ಷಿಯ ಟಾರ್ಟರಿಕ್ ಆಮ್ಲವು ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ನೆಲೆಗೊಡುವುದಿಲ್ಲ. ಮೂರನೆಯದು ಬಿರಡೆಯಿಂದ ಮುಚ್ಚಿ ತಡೆದ ಗಾಳಿ. ನಾಲ್ಕನೆಯದು ತಯಾರಕರು ಸ್ವಲ್ಪವೇ ಸೇರಿಸುವ ಗಂಧಕದ ಡೈಆಕ್ಸೈಡ್. ಐದನೆಯದು ನಮ್ಮ ಕಥಾನಾಯಕನಾದ ಟ್ಯಾನಿನ್. ಒಳಕ್ಕೆ ನುಸುಳಿದ ಆಮ್ಲಜನಕವನ್ನು ಟ್ಯಾನಿನ್ನುಗಳು ತಾವೇ ಎದುರುಗೊಂಡು, ಸುವಾಸನೆಯ ವಸ್ತುಗಳನ್ನು ಬಹುಮಟ್ಟಿಗೆ ಕಾಪಾಡುತ್ತವೆ. ಹೊಸ ಕೆಂಪು ದ್ರಾಕ್ಷಾಮದ್ಯದ ಒಂದು ಲೀಟರಿನಲ್ಲಿ ಸುಮಾರು 1ರಿಂದ 4 ಗ್ರಾಂಗಳಷ್ಟು ಟ್ಯಾನಿನ್ ಇರುವುದುಂಟು. ಕುಡಿಯುವವನ ನಾಲಗೆಗೆ ಮೊದಲು ಕಿರುಕುಳವೆನಿಸುವ ಆ ಒಗರೇ ಮುಂದಿನ ವರ್ಷಗಳಿಗೆ ಕೂಡಿಟ್ಟ ಬಂಡವಾಳ.

ಸೀಸೆಯೊಳಗಿನ ಬದಲಾವಣೆ

ಆಮ್ಲಜನಕದ ಪಾತ್ರವನ್ನು ಮೊದಲು ಸ್ಪಷ್ಟವಾಗಿ ಕಂಡವನು ಲೂಯಿ ಪಾಸ್ತರ್. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕೋರಿಕೆಯಂತೆ ಆತ ದ್ರಾಕ್ಷಾಮದ್ಯದ ರೋಗಗಳನ್ನು ಅಭ್ಯಸಿಸಿ, 1866ರಲ್ಲಿ ಅದರ ಫಲವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ಕೆಲವು ಗಾಜಿನ ನಳಿಗೆಗಳಲ್ಲಿ ದ್ರಾಕ್ಷಾಮದ್ಯವನ್ನು ಅಂಚಿನವರೆಗೆ ತುಂಬಿ ಮುಚ್ಚಿದ. ಇನ್ನು ಕೆಲವನ್ನು ಅರ್ಧ ತುಂಬಿ, ಉಳಿದರ್ಧದಲ್ಲಿ ಗಾಳಿಯನ್ನು ಬಿಟ್ಟು ಮುಚ್ಚಿದ. ಗಾಳಿಯಿದ್ದ ನಳಿಗೆಗಳಲ್ಲಿ ಬಣ್ಣ ಬೇಗನೆ ಬದಲಾಗಿ ಗಸಿ ಕೂಡಿತು. ತುಂಬಿದ ನಳಿಗೆಗಳಲ್ಲಿ ಹಾಗಾಗಲಿಲ್ಲ. ದ್ರಾಕ್ಷಾಮದ್ಯದ ಮುಪ್ಪಿಗೆ ಆಮ್ಲಜನಕವೂ ಒಂದು ಕಾರಣವೆಂಬುದು ಹೀಗೆ ಸಿದ್ಧವಾಯಿತು. ಹೆಚ್ಚು ಗಾಳಿ ಕೆಡಿಸುತ್ತದೆ. ಪೀಪಾಯಿಯ ಮರದ ಮೂಲಕವೂ ಒಳ್ಳೆಯ ಬಿರಡೆಯ ಮೂಲಕವೂ ವರ್ಷಗಟ್ಟಲೆ ಅತ್ಯಲ್ಪವಾಗಿ ಒಳಸೇರುವ ಗಾಳಿ ಮಾಗಿಸುತ್ತದೆ.

ಮೊದಲು ಬದಲಾಗುವುದು ಬಣ್ಣ. ದ್ರಾಕ್ಷಿಯ ಸಿಪ್ಪೆಯ ಬಣ್ಣಕ್ಕೆ ಆಂಥೊಸಯನಿನ್ ಎಂಬ ವಸ್ತುಗಳು ಕಾರಣ. ನಮ್ಮ ಪುನರ್ಪುಳಿಯ ಕೆಂಪೂ ನೇರಳೆಯ ಬಣ್ಣವೂ ಇದೇ ಕುಟುಂಬದವು. ಇವು ಚಂಚಲ ಸ್ವಭಾವದವು. ಒಂಟಿಯಾಗಿದ್ದರೆ ಕೆಲವೇ ವರ್ಷಗಳಲ್ಲಿ ಬಹುಪಾಲು ನಶಿಸುತ್ತವೆ. ಆದರೆ ಟ್ಯಾನಿನ್ನಿನ ಸರಕ್ಕೆ ಇವು ಮಣಿಗಳಂತೆ ಸೇರಿಕೊಂಡರೆ ಬಣ್ಣ ಸ್ಥಿರವಾಗುತ್ತದೆ. ಒಳನುಸುಳಿದ ಆಮ್ಲಜನಕ ಮದ್ಯಸಾರದ ಸ್ವಲ್ಪ ಭಾಗವನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಟ್ಯಾನಿನ್ನಿಗೂ ಬಣ್ಣಕ್ಕೂ ನಡುವೆ ಸೇತುವೆಯಾಗುವುದು ಇದೇ. ಹೀಗಾಗಿ ಹೊಸತರಲ್ಲಿ ನೇರಳೆ ಮಿಶ್ರಿತ ಕೆಂಪಾಗಿದ್ದ ದ್ರವ ಮೊದಲು ಮಾಣಿಕ್ಯದ ಬಣ್ಣಕ್ಕೂ ಕೊನೆಗೆ ಹಂಚಿನ ಬಣ್ಣಕ್ಕೂ ತಿರುಗುತ್ತದೆ. ಕರಗಿರಲಾರದಷ್ಟು ದೊಡ್ಡದಾದ ಅಣುಗಳು ಸೀಸೆಯ ತಳದಲ್ಲಿ ಗಸಿಯಾಗಿ ನಿಲ್ಲುತ್ತವೆ.

ಟ್ಯಾನಿನ್ನುಗಳು ಬೆಳೆದು ಬೆಳೆದು ತಳಕ್ಕಿಳಿಯುವುದರಿಂದಲೇ ಒಗರು ತಗ್ಗುತ್ತದೆ ಎಂದು ಬಹುಕಾಲ ವಿವರಿಸುತ್ತಿದ್ದರು. ಇದು ಪೂರ್ಣ ಸತ್ಯವಲ್ಲ. ಹುಳಿಯಾದ ದ್ರವದಲ್ಲಿ ಮಣಿಸರಗಳು ತುಂಡಾಗುವುದೂ ಉಂಟು, ಮತ್ತೆ ಬೇರೆ ಕ್ರಮದಲ್ಲಿ ಕೂಡಿಕೊಳ್ಳುವುದೂ ಉಂಟು. ಕೆಲವು ಸರಗಳು ತಮ್ಮೊಳಗೆ ತಾವೇ ಮಡಿಚಿಕೊಂಡು, ಜೊಲ್ಲಿನ ಪ್ರೋಟೀನನ್ನು ಹಿಡಿಯುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತವೆ. ಒಗರಿನ ವಸ್ತು ಪೂರ್ತಿಯಾಗಿ ಹೋಗುವುದಿಲ್ಲ. ಅದರ ಹಿಡಿತ ಸಡಿಲವಾಗುತ್ತದೆ ಎಂದರೆ ಹೆಚ್ಚು ಸರಿ.

ಇದರ ಜೊತೆಗೆ ವಾಸನೆಯೂ ಬದಲಾಗುತ್ತದೆ. ಹೊಸ ದ್ರಾಕ್ಷಾಮದ್ಯದ ಹಣ್ಣಿನ ಪರಿಮಳಕ್ಕೆ ಕಾರಣವಾದ ಎಸ್ಟರುಗಳಲ್ಲಿ ಹಲವು ನೀರಿನೊಡನೆ ವರ್ತಿಸಿ ಒಡೆಯುತ್ತವೆ. ಸಕ್ಕರೆಯ ಅಣುಗಳಿಗೆ ಕಟ್ಟುಬಿದ್ದು ವಾಸನೆಯಿಲ್ಲದೆ ಅಡಗಿದ್ದ ಕೆಲವು ವಸ್ತುಗಳು ಬಿಡುಗಡೆ ಹೊಂದುತ್ತವೆ. ಇಪ್ಪತ್ತು ವರ್ಷ ಮಾಗಿದ ಮೆಡೊಕ್‌ನಲ್ಲಿ ಹೊಗೆಸೊಪ್ಪು, ದೇವದಾರಿನ ಜಾತಿಯ ಮರ, ಚರ್ಮ, ಅಣಬೆ, ಮಳೆಯಲ್ಲಿ ತೊಯ್ದ ತರಗೆಲೆ ಇವುಗಳನ್ನು ನೆನಪಿಸುವ ವಾಸನೆಗಳನ್ನು ಪರೀಕ್ಷಕರು ಗುರುತಿಸುತ್ತಾರೆ.

ಎಷ್ಟು ಕಾಲ?

ಒಂದು ಸೀಸೆ ಎಷ್ಟು ಕಾಲ ಮಾಗಬಲ್ಲುದೆಂಬುದನ್ನು ಅಳೆದು ಹೇಳುವ ಉಪಕರಣವಿಲ್ಲ. ಒಗರು ಹೆಚ್ಚಿದ್ದರೆ ಸಾಕು, ಆಯುಷ್ಯವೂ ಹೆಚ್ಚು ಎಂದು ಭಾವಿಸುವುದು ಸಹಜ. ಬೋರ್ಡೊವಿನ ಎರಡು ವರ್ಷಗಳ ಫಸಲು ಈ ಭಾವನೆಯನ್ನು ಪರೀಕ್ಷೆಗೆ ಒಡ್ಡಿತು.

1975ರ ದ್ರಾಕ್ಷಾಮದ್ಯಗಳು ಬಲು ಒರಟು. ಇವು ದೀರ್ಘಕಾಲ ಬಾಳುವುವು, ಕಾದಷ್ಟೂ ಲಾಭ ಎಂದು ಅನೇಕರು ನಂಬಿ ಕೂಡಿಟ್ಟರು. ಕೆಲವು ನಿಜವಾಗಿಯೂ ಚೆನ್ನಾಗಿ ಮಾಗಿದವು. ಆದರೆ ಬಹಳಷ್ಟರಲ್ಲಿ ಒಗರು ಮೆದುವಾಗುವ ಮೊದಲೇ ಹಣ್ಣಿನ ಸಾರ ಬತ್ತಿಹೋಯಿತು. ಉಳಿದದ್ದು ಬರಿಯ ಶುಷ್ಕವಾದ ಒಗರು. 1982ರ ಫಸಲಿನ ಕಥೆ ಇದಕ್ಕೆ ವಿರುದ್ಧ. ಆ ವರ್ಷದ ಬಿಸಿಲಿನಲ್ಲಿ ಹಣ್ಣು ಚೆನ್ನಾಗಿ ಬಲಿತು, ದ್ರಾಕ್ಷಾಮದ್ಯ ಹೊಸತರಲ್ಲಿಯೇ ಹಿತವಾಗಿತ್ತು. ಇಷ್ಟು ಮೃದುವಾದುದು ಬಾಳಲಾರದೆಂದು ಕೆಲವು ವಿಮರ್ಶಕರು ಸಂದೇಹಪಟ್ಟರು. ಆದರೆ ಅದರಲ್ಲಿ ಉತ್ತಮವಾದವು ಮೂವತ್ತು ವರ್ಷಗಳನ್ನು ದಾಟಿಯೂ ಸೊಗಸಾಗಿ ಉಳಿದವು. ಅವುಗಳಲ್ಲಿ ಟ್ಯಾನಿನ್ ಕಡಿಮೆಯಿರಲಿಲ್ಲ; ಬಲಿತ ಹಣ್ಣಿನ ತುಂಬಿದ ಸಾರ ಅದನ್ನು ಮರೆಮಾಡಿತ್ತು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಕಾಲವು ಹೊಸತನ್ನು ತಂದು ಹಾಕುವುದಿಲ್ಲ; ಇರುವುದನ್ನು ಮಾರ್ಪಡಿಸುತ್ತದೆ. ಬಲಿತ ಸಿಪ್ಪೆಯ ಟ್ಯಾನಿನ್, ತಕ್ಕಷ್ಟು ಹುಳಿ, ಹಣ್ಣಿನ ಸಾರ ಈ ಮೂರೂ ಆರಂಭದಲ್ಲಿಯೇ ಸಮತೂಕವಾಗಿರಬೇಕು. ಯಾವುದಾದರೊಂದು ಕೊರತೆಯಾದರೆ ಕಾಲವು ಆ ಕೊರತೆಯನ್ನೇ ಎತ್ತಿ ತೋರಿಸುತ್ತದೆ. ಅಡಿಕೆಯ ವ್ಯಾಪಾರಿಗಳೂ ಇದನ್ನು ಬಲ್ಲರು: ಚೆನ್ನಾಗಿ ಬಲಿತು, ಚೆನ್ನಾಗಿ ಒಣಗಿದ ಚಾಲಿ ಮಾತ್ರ ಹಳತಾಗಿ ಬೆಲೆ ಪಡೆಯುತ್ತದೆ, ಕರಿಗೋಟನ್ನು ಎಷ್ಟು ವರ್ಷ ಇಟ್ಟರೂ ಅದು ಕರಿಗೋಟೇ.

ಬೆಳುವಾಯಿಯಲ್ಲಿ ಇಟ್ಟರೆ?

ಒಳ್ಳೆಯ ಬೋರ್ಡೊ ಸೀಸೆಯೊಂದನ್ನು ತಂದು ಬೆಳುವಾಯಿಯ ಮನೆಯೊಂದರ ಅಟ್ಟದ ಮೇಲಿಟ್ಟರೆ ಏನಾದೀತು? ನೆಲಮಾಳಿಗೆಗೆ ಉಚಿತವಾದ ಉಷ್ಣತೆ ಸುಮಾರು 12–13 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯ ಸರಾಸರಿ ಉಷ್ಣತೆ ಅದಕ್ಕಿಂತ ಹದಿನಾಲ್ಕು ಹದಿನೈದು ಡಿಗ್ರಿ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ನಿಯಮ. ಹಾಗಾದರೆ ಇಲ್ಲಿ ಇಪ್ಪತ್ತು ವರ್ಷಗಳ ಪಾಕ ಏಳೆಂಟು ವರ್ಷಗಳಲ್ಲಿ ಸಿದ್ಧವಾಗಬೇಡವೇ? ಆಗದು. ಏಕೆಂದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಕೆಡಿಸುವ ಕ್ರಿಯೆಗಳು ಕೆಲವು ಬಿಸಿಯಲ್ಲಿ ಮಾಗಿಸುವ ಕ್ರಿಯೆಗಳನ್ನು ಹಿಂದೆ ಹಾಕುತ್ತವೆ. ಅನ್ನವನ್ನು ಉರಿ ಹೆಚ್ಚಿಸಿ ಬೇಗ ಬೇಯಿಸಲು ಹೋದರೆ ತಳ ಹಿಡಿಯುವಂತೆ, ಇಲ್ಲಿಯೂ ಆತುರ ಸಲ್ಲದು.

ಬಳ್ಳಿಯನ್ನೇ ಇಲ್ಲಿ ಬೆಳೆಸಬಹುದೇ? ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಈ ನಾಡು ಅಡಿಕೆಗೆ ತವರು, ದ್ರಾಕ್ಷಿಗೆ ಅಲ್ಲ. ಆದರೆ ಘಟ್ಟದ ಮೇಲೆ, ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಸ್ಥಾಪಿತವಾದ ಗ್ರೋವರ್ ಸಂಸ್ಥೆ ಕ್ಯಾಬರ್ನೆ ಸೊವಿನ್ಯೋನನ್ನು ಬೆಳೆಸಿ ಯಶಸ್ವಿಯಾಯಿತು. ಬೋರ್ಡೊವಿನ ತಜ್ಞ ಮಿಶೆಲ್ ರೋಲಾಂರ ಸಲಹೆಯನ್ನೂ ಪಡೆಯಿತು. ವಿಜಯಪುರ ಬಾಗಲಕೋಟೆಗಳಲ್ಲಿಯೂ ದ್ರಾಕ್ಷಿಯ ಬೆಳೆ ವ್ಯಾಪಕವಾಗಿದೆ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ಇಲ್ಲಿ ಅಂತಹ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಸವರಿ, ಮಳೆ ತಪ್ಪಿಸಿ, ಫೆಬ್ರವರಿ ಮಾರ್ಚಿಯ ಹೊತ್ತಿಗೆ ಹಣ್ಣು ಪಡೆಯುತ್ತಾರೆ. ನಮ್ಮ ಬಿಸಿಲಿನಲ್ಲಿ ಸಕ್ಕರೆ ಬೇಗ ಏರಿ ಹುಳಿ ಬೇಗ ಇಳಿಯುವುದರಿಂದ, ಇಲ್ಲಿಯ ಕೆಂಪು ದ್ರಾಕ್ಷಾಮದ್ಯಗಳು ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ತಮ್ಮ ಒಳ್ಳೆಯ ಸ್ಥಿತಿಯನ್ನು ತಲಪುತ್ತವೆ. ಇದು ಕೀಳೆಂದಲ್ಲ, ನೆಲ ಹವೆಗಳ ಗುಣವಷ್ಟೆ.

ಒಂದು ಎಚ್ಚರಿಕೆ

ಅಣುಗಳ ಸೊಗಸು ಬೇರೆ, ಆರೋಗ್ಯದ ಹಿತ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾದಕ ಪಾನೀಯಗಳನ್ನು 1988ರಲ್ಲಿಯೂ ಅಡಿಕೆಯನ್ನು 2004ರಲ್ಲಿಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮಾಗಿದರೂ ಮಾಗದಿದ್ದರೂ ಮದ್ಯಸಾರ ಮದ್ಯಸಾರವೇ. ಐವತ್ತು ವರ್ಷಗಳ ನೆಲಮಾಳಿಗೆ ಅದನ್ನು ನಿರಪಾಯವಾಗಿ ಮಾಡುವುದಿಲ್ಲ. ವಿದ್ಯಾರ್ಥಿಗಳಿಗೆ ಈ ವಿಷಯದ ಸ್ವಾರಸ್ಯವಿರುವುದು ಲೋಟದಲ್ಲಲ್ಲ, ಪ್ರಯೋಗಶಾಲೆಯಲ್ಲಿ.

ಪಾಸ್ತರ್ ತನ್ನ ನಳಿಗೆಗಳಲ್ಲಿ ಬಣ್ಣ ಬದಲಾಗುವುದನ್ನು ಮಾತ್ರ ಕಂಡ. ಅದರ ಅಣುಗಳನ್ನು ಕಾಣಲು ಇನ್ನೂ ನೂರು ವರ್ಷ ಬೇಕಾಯಿತು. ಒಗರು ಸಡಿಲವಾಗುವ ಕ್ರಮದಲ್ಲಿ ಇಂದಿಗೂ ಬಿಡಿಸಬೇಕಾದ ಗಂಟುಗಳು ಹಲವಿವೆ. ಚಹಾ, ಗೇರುಹಣ್ಣು, ಪುನರ್ಪುಳಿ, ಕಾಚು ಮುಂತಾದ ಮನೆಯ ವಸ್ತುಗಳಲ್ಲಿಯೇ ಆ ಗಂಟುಗಳ ಎಳೆಗಳು ಸಿಗುತ್ತವೆ. ನೋಡುವ ಕಣ್ಣೂ ಅಳೆಯುವ ತಾಳ್ಮೆಯೂ ಇದ್ದವರಿಗೆ ಕೆಲಸಕ್ಕೆ ಕೊರತೆಯಿಲ್ಲ.